ದನಕರುಗಳ ರೋಗವೂ ಎಣಿಕೆಯ ಶಾಸ್ತ್ರವೂ

ಕಾರವಾರದಿಂದ ಅಂಕೋಲೆಗೆ ಹೋಗುವ ಹೆದ್ದಾರಿಯಲ್ಲಿ ಚೆಂಡಿಯಾ ಎಂಬುದೊಂದು ಊರು ಸಿಕ್ಕುತ್ತದೆ. ಒಂದು ಕಡೆಗೆ ಕಡಲು, ಇನ್ನೊಂದು ಕಡೆಗೆ ಸಹ್ಯಾದ್ರಿಯ ಕಾಡುಗುಡ್ಡ. ಇವೆರಡರ ನಡುವಣ ಕಿರಿದಾದ ನೆಲದಲ್ಲಿ ಗದ್ದೆ, ತೆಂಗು, ಮನೆ, ಕೊಟ್ಟಿಗೆ. ಶ್ರೋತೃಗಳಲ್ಲಿ ಬಹುಮಂದಿ ಈ ಊರನ್ನು ಬಸ್ಸಿನ ಕಿಟಕಿಯಿಂದ ಕಂಡಿರಬಹುದು, ಕಾಣದೆಯೂ ಇರಬಹುದು. ಈ ದಿನ ನಾನು ಹೇಳಬೇಕೆಂದಿರುವ ವಿಷಯಕ್ಕೆ ಒಂದು ಊರು ಬೇಕಾಗಿದೆ. ನಾನು ಅಲ್ಪಸ್ವಲ್ಪ ಬಲ್ಲ ಊರಾದ್ದರಿಂದ ಇದನ್ನೇ ಆರಿಸಿಕೊಂಡಿದ್ದೇನೆ.

ಅಲ್ಲಿ ೬೦ ಎಮ್ಮೆಗಳಿವೆಯೆಂದೂ, ಮುಂಗಾರು ಹಿಡಿದ ಮೊದಲ ಹದಿನೈದು ದಿನಗಳಲ್ಲಿ ಅವುಗಳಲ್ಲಿ ೬ ಎಮ್ಮೆಗಳು ಗಂಟಲು ಊದಿ, ಉಸಿರು ಕಟ್ಟಿ ಸತ್ತುಹೋದವೆಂದೂ ಭಾವಿಸೋಣ. ಇದು ನನ್ನ ಕಲ್ಪನೆಯೇ ಹೊರತು ಆ ಊರಿನಲ್ಲಿ ನಡೆದ ಸಂಗತಿಯಲ್ಲ. ಆದರೆ ರೋಗ ಮಾತ್ರ ಕಲ್ಪನೆಯದಲ್ಲ. ನಮ್ಮ ರೈತರು ಇದನ್ನು ಗಳಲೆ ರೋಗವೆನ್ನುತ್ತಾರೆ. ಇದು ಒಂದು ಸೂಕ್ಷ್ಮಜೀವಿಯಿಂದ ಬರತಕ್ಕದ್ದು, ಮಳೆಗಾಲದಲ್ಲಿ ಹೆಚ್ಚು, ದನಗಳಿಗಿಂತ ಎಮ್ಮೆಗಳಿಗೆ ಬೇಗ ತಗಲುವುದು. ಬೆಳಗ್ಗೆ ಹಾಲು ಕೊಟ್ಟ ಎಮ್ಮೆ ಮಾರನೆಯ ದಿನ ಕೊಟ್ಟಿಗೆಯಲ್ಲಿ ಬಿದ್ದಿರುವುದನ್ನು ಕಂಡವರಿಗೆ ಇದರ ಭಯವನ್ನು ಬಣ್ಣಿಸಿ ಹೇಳಬೇಕಾಗಿಲ್ಲ.

ಇಂಥ ಸಮಯದಲ್ಲಿ ಊರಿನ ಜಗುಲಿಯ ಮೇಲೆ ಮೂರು ಅಭಿಪ್ರಾಯಗಳು ಹುಟ್ಟುವುವು. ಹೊಸ ನೀರು ಕುಡಿದು ಸತ್ತವು ಎಂದು ಒಬ್ಬರು. ಚುಚ್ಚುಮದ್ದು ಹಾಕಿಸಿದ ಎಮ್ಮೆಗಳೂ ಸತ್ತಿವೆ, ಆದ್ದರಿಂದ ಮದ್ದು ನಿರರ್ಥಕ ಎಂದು ಇನ್ನೊಬ್ಬರು. ಘಟ್ಟದ ಮೇಲಿನಿಂದ ಕೊಂಡುತಂದ ಎಮ್ಮೆಯೇ ಮಾರಿಯನ್ನು ತಂದಿತು ಎಂದು ಮತ್ತೊಬ್ಬರು. ಮೂವರೂ ಕಣ್ಣಾರೆ ಕಂಡವರೇ. ಮೂವರ ಮಾತಿನಲ್ಲಿಯೂ ಸತ್ಯದ ಅಂಶ ಇರಬಹುದು. ಆದರೆ ಮುಂದಿನ ವರ್ಷ ಏನು ಮಾಡಬೇಕು ಎಂಬ ಪ್ರಶ್ನೆಗೆ ಈ ಮೂರರಲ್ಲಿ ಯಾವುದನ್ನು ನಂಬಿ ಹೊರಡುವುದು? ಎಮ್ಮೆಯ ಹಾಲಿನಿಂದಲೇ ಮಕ್ಕಳ ಶಾಲೆಯ ಖರ್ಚನ್ನು ತೂಗಿಸುವ ಮನೆಯಲ್ಲಿ ಇದು ಪಾಂಡಿತ್ಯದ ಪ್ರಶ್ನೆಯಲ್ಲ.

ಮೊದಲು ಎಣಿಕೆಯನ್ನು ಗಮನಿಸೋಣ. ಸತ್ತವುಗಳ ಸಂಖ್ಯೆ ಎಲ್ಲರಿಗೂ ಗೊತ್ತು. ಬದುಕಿರುವವುಗಳ ಸಂಖ್ಯೆ ಸಾಮಾನ್ಯವಾಗಿ ಯಾರಿಗೂ ಗೊತ್ತಿರುವುದಿಲ್ಲ. ಆರು ಸತ್ತವು ಎಂದರೆ, ಎಷ್ಟರಲ್ಲಿ ಆರು? ಅರುವತ್ತರಲ್ಲಿಯೋ ಆರುನೂರರಲ್ಲಿಯೋ? ಭಾಗಿಸುವ ಸಂಖ್ಯೆ ಇಲ್ಲದೆ ರೋಗದ ಪ್ರಮಾಣವನ್ನು ಹೇಳಲಾಗುವುದಿಲ್ಲ. ಭರತಖಂಡದಲ್ಲಿ ಜಾನುವಾರುಗಳ ಗಣತಿ ೧೯೧೯-೨೦ರಲ್ಲಿಯೇ ಆರಂಭವಾಯಿತು. ೨೦೧೯ರ ಇಪ್ಪತ್ತನೆಯ ಗಣತಿಯಲ್ಲಿ ದೇಶದಲ್ಲಿ ೧೯ ಕೋಟಿ ೨೪ ಲಕ್ಷಕ್ಕೂ ಮೇಲ್ಪಟ್ಟು ದನಗಳೂ, ೧೦ ಕೋಟಿ ೯೮ ಲಕ್ಷಕ್ಕೂ ಮೇಲ್ಪಟ್ಟು ಎಮ್ಮೆಗಳೂ ಇದ್ದುವು. ಇಷ್ಟು ದೊಡ್ಡ ಕೆಲಸವನ್ನು ಮನೆಮನೆಗೆ ಹೋಗಿ ಮಾಡಿದವರನ್ನು ನಾವು ನೆನೆಯುವುದು ಕಡಮೆ. ದನಗಳ ರೋಗವನ್ನು ಕುರಿತು ಆಡಿದ ಪ್ರತಿಯೊಂದು ಅರ್ಥವುಳ್ಳ ಮಾತಿಗೂ ಕೆಳಗಿನ ಅಡಿಪಾಯ ಆ ಗಣತಿಯೇ.

ಇನ್ನು ಪಶುವೈದ್ಯಶಾಲೆಯ ದಾಖಲೆಯ ಪುಸ್ತಕವಿದೆಯಲ್ಲ, ಅದನ್ನೇ ನೋಡಿದರೆ ಸಾಲದೇ ಎಂದು ಕೇಳಬಹುದು. ಸಾಲದು. ಆಸ್ಪತ್ರೆಗೆ ಬರುವ ರಾಸು ಯಾವುದು? ರಸ್ತೆಯ ಬದಿಯ ಮನೆಯದು. ಹೆಚ್ಚು ಬೆಲೆಯ ಮಿಶ್ರತಳಿಯ ಹಸು. ಒಡೆಯನಿಗೆ ಬಿಡುವೂ ಹಣವೂ ಇರುವ ರಾಸು. ಮಲೆನಾಡು ಗಿಡ್ಡ ಜಾತಿಯ ಪುಟ್ಟ ದನ ಗುಡ್ಡದಲ್ಲಿ ಕಾಯಿಲೆ ಬಿದ್ದರೆ ಅದನ್ನು ಹೊತ್ತು ತರುವವರು ಯಾರು? ಹೀಗಾಗಿ ಪುಸ್ತಕವನ್ನು ಮಾತ್ರ ನೋಡಿದವನಿಗೆ ಮಿಶ್ರತಳಿಯ ಹಸುಗಳೇ ರೋಗಿಷ್ಠವೆಂದೂ, ರಸ್ತೆಯ ಬದಿಯೇ ರೋಗದ ನೆಲೆಯೆಂದೂ ತೋರುವುದು.

ಈ ತಪ್ಪನ್ನು ನಾನೇ ಮಾಡಿದ್ದೇನೆ. ಕಾಲೇಜಿನಲ್ಲಿ ಪಾಠ ಹೇಳಲು ತೊಡಗಿದ ಹೊಸದರಲ್ಲಿ, ಒಂದು ದೀಪಾವಳಿಯ ರಜೆಯಲ್ಲಿ ಬಂಧುಗಳ ಮನೆಗೆಂದು ಚೆಂಡಿಯಾಕ್ಕೆ ಹೋಗಿದ್ದೆ. ವಿದ್ಯಾರ್ಥಿಗಳಿಗೆ ಉದಾಹರಣೆಯಾಗಲೆಂದು ಕೈಯಲ್ಲೊಂದು ಪುಸ್ತಕ ಹಿಡಿದು ಇಪ್ಪತ್ತು ಇಪ್ಪತ್ತೈದು ಮನೆಗಳಲ್ಲಿ ದನಗಳ ಸಂಖ್ಯೆಯನ್ನೂ ಅವುಗಳಿಗೆ ಬಂದ ಕಾಯಿಲೆಗಳನ್ನೂ ಬರೆದುಕೊಂಡೆ. ಸರಾಸರಿಯನ್ನು ಮೂರು ದಶಾಂಶಗಳವರೆಗೆ ತೆಗೆದು ಬಹಳ ಸಂತೋಷಪಟ್ಟೆ. ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಒಬ್ಬ ಹೆಂಗಸು ನನ್ನ ಕೆಲಸವೇನೆಂದು ವಿಚಾರಿಸಿ, ಕೇಳಿ, "ದನ ನೋಡಬೇಕಾದರೆ ಗುಡ್ಡದ ಬದಿಗೆ ಬನ್ನಿ ಮಾಸ್ತರೇ, ರಸ್ತೆಯ ಬದಿಗೆ ದನ ಯಾರು ಕಟ್ಟುತ್ತಾರೆ?" ಎಂದಳು. ನಾನು ಹೋಗಿದ್ದ ಮನೆಗಳೆಲ್ಲ ಹೆದ್ದಾರಿಯಿಂದ ಕಾಲುಗಂಟೆಯ ನಡಿಗೆಯೊಳಗಿನವು. ಮೂರು ದಶಾಂಶಗಳು ಅಲ್ಲಿಗೇ ಮುಗಿದುವು.

ಈಗ ಮೊದಲಿನ ಕಲ್ಪನೆಗೆ ಹಿಂದಿರುಗೋಣ. ಅರುವತ್ತು ಎಮ್ಮೆಗಳಲ್ಲಿ ೪೦ಕ್ಕೆ ಮಳೆಗಾಲಕ್ಕೆ ಮೊದಲೇ ಗಳಲೆಯ ಚುಚ್ಚುಮದ್ದು ಆಗಿತ್ತು, ೨೦ಕ್ಕೆ ಆಗಿರಲಿಲ್ಲ ಎಂದಿಟ್ಟುಕೊಳ್ಳಿ. ಸತ್ತ ಆರರಲ್ಲಿ ೨ ಮದ್ದು ಹಾಕಿಸಿದವು, ೪ ಹಾಕಿಸದವು. ಮದ್ದು ಹಾಕಿಸಿದವೂ ಸತ್ತಿವೆ ಎಂಬ ಜಗುಲಿಯ ಮಾತು ನಿಜ. ಆದರೆ ಪ್ರಮಾಣವನ್ನು ನೋಡಿ: ನಾಲ್ವತ್ತರಲ್ಲಿ ಎರಡು ಎಂದರೆ ನೂರಕ್ಕೆ ೫, ಇಪ್ಪತ್ತರಲ್ಲಿ ನಾಲ್ಕು ಎಂದರೆ ನೂರಕ್ಕೆ ೨೦. ಮದ್ದು ಮರಣವನ್ನು ನಾಲ್ಕನೆಯ ಒಂದು ಪಾಲಿಗೆ ಇಳಿಸಿದ ಹಾಗೆ ಕಾಣುವುದು. ಊರಿನ ಅಭಿಪ್ರಾಯ ಒಮ್ಮೆಲೇ ತಿರುಗಿತು.

ಇಲ್ಲಿಗೇ ನಿಲ್ಲುವವರು ಬಹಳ ಮಂದಿ. ಸಂಖ್ಯಾಶಾಸ್ತ್ರಜ್ಞನು ನಿಲ್ಲುವುದಿಲ್ಲ. ಅವನು ಕೇಳುವ ಮೊದಲನೆಯ ಪ್ರಶ್ನೆ ಇದು: ಮದ್ದಿನಲ್ಲಿ ಏನೂ ಗುಣವಿಲ್ಲದೆ, ಯಾವ ಆರು ಎಮ್ಮೆ ಸಾಯಬೇಕೆಂಬುದು ಕೇವಲ ದೈವಾಧೀನವಾಗಿದ್ದರೂ ಇಂಥ ಹಂಚಿಕೆ ಬರಬಹುದಾಗಿತ್ತೇ? ಅರುವತ್ತು ಚೀಟಿಗಳಲ್ಲಿ ಇಪ್ಪತ್ತಕ್ಕೆ ಕೆಂಪು ಗುರುತು ಹಾಕಿ, ಗಡಿಗೆಯಲ್ಲಿ ಕುಲುಕಿ, ಆರನ್ನು ಎತ್ತಿದರೆ ಅವುಗಳಲ್ಲಿ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಕೆಂಪು ಚೀಟಿಗಳು ಬರುವ ಸಂಭವವೆಷ್ಟು? ಲೆಕ್ಕ ಹಾಕಿದರೆ ನೂರಕ್ಕೆ ಸುಮಾರು ಒಂಬತ್ತು ಸಲ ಬರುವುದು. ಹನ್ನೊಂದು ಊರುಗಳಲ್ಲಿ ಒಂದೂರಿನಲ್ಲಿ ಬರಿಯ ನೀರನ್ನು ಚುಚ್ಚಿದ್ದರೂ ಇಂಥ ಫಲ ಕಾಣುತ್ತಿತ್ತು ಎಂದ ಹಾಗಾಯಿತು. ಇದು ಮದ್ದಿನ ಗುಣವನ್ನು ಅಲ್ಲಗಳೆಯುವುದಿಲ್ಲ. ಆರು ಸಾವುಗಳು ಸಾಕ್ಷಿಯಾಗಿ ನಿಲ್ಲಲು ಸಾಲವು ಎಂದಷ್ಟೇ ಹೇಳುತ್ತದೆ.

ಎರಡನೆಯ ಪ್ರಶ್ನೆ ಇನ್ನೂ ಕಠಿನ. ಮದ್ದು ಹಾಕಿಸಿದ ಎಮ್ಮೆಗಳಿಗೂ ಹಾಕಿಸದವಕ್ಕೂ ಮದ್ದೊಂದರಲ್ಲಿಯೇ ವ್ಯತ್ಯಾಸವೇ? ಊರಿನಲ್ಲಿ ಎತ್ತರದ ಕೇರಿ, ನೀರು ನಿಲ್ಲುವ ತಗ್ಗಿನ ಕೇರಿ ಎಂದು ಎರಡುಂಟೆಂದು ಭಾವಿಸಿ. ಎತ್ತರದಲ್ಲಿ ೩೬ ಎಮ್ಮೆಗಳು. ಅವುಗಳಲ್ಲಿ ೩೨ಕ್ಕೆ ಮದ್ದಾಗಿದೆ, ೪ಕ್ಕೆ ಆಗಿಲ್ಲ. ಅಲ್ಲಿ ಒಂದೂ ಸಾಯಲಿಲ್ಲ. ತಗ್ಗಿನಲ್ಲಿ ೨೪ ಎಮ್ಮೆಗಳು. ೮ಕ್ಕೆ ಮದ್ದಾಗಿದೆ, ಅವುಗಳಲ್ಲಿ ೨ ಸತ್ತವು. ೧೬ಕ್ಕೆ ಆಗಿಲ್ಲ, ಅವುಗಳಲ್ಲಿ ೪ ಸತ್ತವು. ಕೂಡಿಸಿ ನೋಡಿ: ಮೊದಲಿನ ಮೊತ್ತಗಳೇ ಬರುವುವು. ಆದರೆ ತಗ್ಗಿನ ಕೇರಿಯಲ್ಲಿ ಎಂಟರಲ್ಲಿ ಎರಡು ಎಂದರೆ ನೂರಕ್ಕೆ ೨೫. ಹದಿನಾರರಲ್ಲಿ ನಾಲ್ಕು ಎಂದರೂ ನೂರಕ್ಕೆ ೨೫. ಎತ್ತರದಲ್ಲಿ ಎರಡು ಬಗೆಯವಕ್ಕೂ ಸೊನ್ನೆ. ಮದ್ದಿನ ಗುಣ ಎಲ್ಲಿ ಹೋಯಿತು? ನಾವು ಮದ್ದಿನದೆಂದು ತಿಳಿದದ್ದು ನೆಲದ ಗುಣವಾಗಿತ್ತು. ಶ್ರೋತೃಗಳು ಈ ಸಂಖ್ಯೆಗಳನ್ನು ಒಂದು ಕಾಗದದ ಮೇಲೆ ಬರೆದುಕೊಂಡು ನಿಧಾನವಾಗಿ ನೋಡಬೇಕೆಂದು ಬೇಡುತ್ತೇನೆ. ಇಪ್ಪತ್ತು ವರ್ಷ ಇದನ್ನು ಕಲಿಸುತ್ತ ಬಂದಿದ್ದರೂ ಪ್ರತಿಸಲವೂ ನನಗೆ ಒಂದು ಕ್ಷಣ ಕಣ್ಕಟ್ಟಿನಂತೆ ತೋರುತ್ತದೆ.

ಗಳಲೆಯ ಚುಚ್ಚುಮದ್ದು ನಿಜವಾಗಿಯೂ ಉಪಯುಕ್ತವಾದದ್ದು. ಮಳೆಗಾಲಕ್ಕೆ ಮುಂಚೆ ಅದನ್ನು ಹಾಕಿಸಬೇಕು. ಈ ಲೆಕ್ಕವನ್ನು ಕೇಳಿ ಯಾರೂ ಅದನ್ನು ಬಿಡಬಾರದು. ನನ್ನ ಮಾತಿನ ಅಭಿಪ್ರಾಯವೆಂದರೆ, ಅದರ ಗುಣವನ್ನು ಈ ಬಗೆಯ ಎಣಿಕೆಯಿಂದ ಸಾಧಿಸಲಾಗದು ಎಂಬುದು. ಸಾಧಿಸುವ ಬಗೆ ಬೇರೆ. ೧೮೮೧ರಲ್ಲಿ ಫ್ರಾನ್ಸಿನ ಪುಯಿ-ಲ-ಫೋರ್ ಎಂಬಲ್ಲಿ ಲೂಯಿ ಪಾಸ್ತರನು ನೆರಡಿ ರೋಗದ ಮದ್ದನ್ನು ಸಾರ್ವಜನಿಕರ ಎದುರಿಗೆ ಪರೀಕ್ಷಿಸಿದನು. ೨೪ ಕುರಿ, ೧ ಆಡು, ೬ ದನಗಳಿಗೆ ಮದ್ದು. ೨೪ ಕುರಿ, ೧ ಆಡು, ೪ ದನಗಳಿಗೆ ಇಲ್ಲ. ಎಲ್ಲವೂ ಒಂದೇ ಜಮೀನಿನಲ್ಲಿ, ಎಲ್ಲಕ್ಕೂ ಒಂದೇ ದಿನ ರೋಗದ ವಿಷ. ಎರಡು ದಿನಗಳಾಗುವಷ್ಟರಲ್ಲಿ ಮದ್ದಿಲ್ಲದ ಕುರಿಗಳು ಸತ್ತಿದ್ದುವು ಅಥವಾ ಸಾಯುತ್ತಿದ್ದುವು; ಮದ್ದಿನ ಕುರಿಗಳು ಮೇಯುತ್ತಿದ್ದುವು. ಅಷ್ಟು ಸ್ಪಷ್ಟವಾದ ಫಲಕ್ಕೆ ಗಣಿತ ಬೇಕಾಗಿರಲಿಲ್ಲ. ಆದರೆ ಬಹುಪಾಲು ಮದ್ದುಗಳ ಗುಣ ಅಷ್ಟು ನಾಟಕೀಯವಾಗಿರುವುದಿಲ್ಲ. ಅಂಥಲ್ಲಿ ಯಾವ ರಾಸಿಗೆ ಮದ್ದು, ಯಾವುದಕ್ಕೆ ಇಲ್ಲ ಎಂಬುದನ್ನು ವೈದ್ಯನ ಇಷ್ಟಕ್ಕಾಗಲಿ ಒಡೆಯನ ಇಷ್ಟಕ್ಕಾಗಲಿ ಬಿಡದೆ ಚೀಟಿ ಎತ್ತಿ ನಿರ್ಣಯಿಸಬೇಕು ಎಂದು ಇಂಗ್ಲೆಂಡಿನ ರೊನಾಲ್ಡ್ ಫಿಷರನು ಕಲಿಸಿಕೊಟ್ಟನು. ಪ್ರಯೋಗಗಳ ರಚನೆಯನ್ನು ಕುರಿತ ಅವನ ಗ್ರಂಥ ಹೊರಬಂದದ್ದು ೧೯೩೫ರಲ್ಲಿ. ಚೀಟಿ ಎತ್ತಿದರೆ ತಗ್ಗಿನ ಕೇರಿಯ ಎಮ್ಮೆಗಳು ಎರಡು ಪಂಗಡಗಳಿಗೂ ಸುಮಾರು ಸಮನಾಗಿ ಹಂಚಿಹೋಗುವುವು. ನಮಗೆ ಗೊತ್ತಿಲ್ಲದ ಇತರ ವ್ಯತ್ಯಾಸಗಳೂ ಹಾಗೆಯೇ ಹಂಚಿಹೋಗುವುವು. ಅದೇ ಅದರ ಸೊಗಸು.

ಪಶುರೋಗಕ್ಕೆ ಗಣಿತವನ್ನು ಹಚ್ಚಿದ ಹಳೆಯ ಪ್ರಸಂಗಗಳಲ್ಲಿ ನನಗೆ ಬಹಳ ಪ್ರಿಯವಾದದ್ದೊಂದುಂಟು. ೧೮೬೫ರ ಬೇಸಗೆಯಲ್ಲಿ ಇಂಗ್ಲೆಂಡಿಗೆ ದೊಡ್ಡರೋಗ ಬಂದಿತು. ದನಗಳಿಗೆ ಜ್ವರ, ಬಾಯಿಹುಣ್ಣು, ಭೇದಿ, ಮರಣ; ನಮ್ಮ ರೈತರ ಅಜ್ಜಂದಿರು ಹೆಸರನ್ನೆತ್ತಲೂ ಅಂಜುತ್ತಿದ್ದ ರೋಗವೇ ಅದು. ಸರಕಾರ ಲೆಕ್ಕವಿಡುತ್ತಿತ್ತು. ನವೆಂಬರು ೪ಕ್ಕೆ ಮುಗಿದ ನಾಲ್ಕು ವಾರಗಳಲ್ಲಿ ಹೊಸದಾಗಿ ರೋಗ ಬಿದ್ದ ರಾಸುಗಳು ೯,೫೯೭. ಮುಂದಿನ ನಾಲ್ಕು ವಾರಗಳಲ್ಲಿ ೧೮,೮೧೭. ಅದರ ಮುಂದೆ ೩೩,೮೩೫. ೧೮೬೬ರ ಜನವರಿ ೨೭ಕ್ಕೆ ಮುಗಿದ ನಾಲ್ಕು ವಾರಗಳಲ್ಲಿ ೪೭,೧೯೧. ದೇಶವೆಲ್ಲ ನಡುಗಿತು. ಹೀಗೆಯೇ ಏರುತ್ತ ಹೋದರೆ ದನವೆಂಬುದೇ ಉಳಿಯದು ಎಂಬ ಭೀತಿ ಪಾರ್ಲಿಮೆಂಟಿನಲ್ಲಿಯೂ ಪತ್ರಿಕೆಗಳಲ್ಲಿಯೂ ಹಬ್ಬಿತು.

ಜನನಮರಣಗಳ ಲೆಕ್ಕದ ಕಛೇರಿಯಲ್ಲಿದ್ದ ವಿಲಿಯಂ ಫಾರ್ ಎಂಬ ವೈದ್ಯನು ಇದೇ ಸಂಖ್ಯೆಗಳನ್ನು ಬೇರೆ ರೀತಿಯಾಗಿ ಓದಿದನು. ಸಂಖ್ಯೆ ಏರುತ್ತಿದೆ, ನಿಜ. ಆದರೆ ಏರಿಕೆಯ ಪ್ರಮಾಣವೆಷ್ಟು? ಎರಡನೆಯದು ಮೊದಲನೆಯದರ ೧.೯೬ರಷ್ಟು, ಮೂರನೆಯದು ಎರಡನೆಯದರ ೧.೮೦ರಷ್ಟು, ನಾಲ್ಕನೆಯದು ಮೂರನೆಯದರ ೧.೩೯ರಷ್ಟು ಮಾತ್ರ. ಪ್ರಮಾಣ ಇಳಿಯುತ್ತಿದೆ, ಇಳಿಯುವ ವೇಗವೂ ಹೆಚ್ಚುತ್ತಿದೆ. ಅದೇ ನಿಯಮವನ್ನು ಮುಂದುವರಿಸಿ, ಮುಂದಿನ ನಾಲ್ಕು ವಾರಗಳಲ್ಲಿ ೪೩,೧೮೨, ಅನಂತರ ೨೧,೯೨೭, ಅನಂತರ ೫,೨೨೬ ಎಂದು ಫೆಬ್ರವರಿಯಲ್ಲಿ ಒಂದು ಪತ್ರಿಕೆಗೆ ಬರೆದು ಪ್ರಕಟಿಸಿದನು. ಗುಡ್ಡವನ್ನು ಹತ್ತುವವನು ಇನ್ನೂ ಮೇಲಕ್ಕೆ ಹೋಗುತ್ತಿದ್ದರೂ ಕಾಲ ಕೆಳಗಿನ ನೆಲ ಮಟ್ಟಸವಾಗುತ್ತ ಬಂದರೆ ನೆತ್ತಿ ಹತ್ತಿರವಾಯಿತೆಂದು ತಿಳಿಯುವುದಿಲ್ಲವೇ, ಹಾಗೆ. ಜನ ನಕ್ಕರು. ಆದರೆ ವಸಂತಮಾಸ ಬರುವಷ್ಟರಲ್ಲಿ ರೋಗ ಇಳಿಯಿತು. ಅವನು ಹೇಳಿದ್ದಕ್ಕಿಂತ ಸಂಖ್ಯೆಗಳು ಹೆಚ್ಚಾಗಿಯೂ ಇಳಿತ ನಿಧಾನವಾಗಿಯೂ ಇದ್ದುವು. ಏರಿದ್ದು ತಿರುಗಿ ಇಳಿಯುವುದೆಂಬ ಮುಖ್ಯವಾದ ಮಾತು ಮಾತ್ರ ನಿಂತಿತು.

ಇಷ್ಟಕ್ಕೇ ಕಥೆಯನ್ನು ಮುಗಿಸಿದರೆ ಫಾರನಿಗೆ ಜಯಘೋಷ ಮಾಡಬಹುದು. ಹಲವು ಪುಸ್ತಕಗಳಲ್ಲಿ ಹಾಗೆ ಮಾಡಿಯೂ ಇದ್ದಾರೆ. ನನಗೆ ಒಂದು ಸಂದೇಹವುಂಟು. ಅದೇ ಫೆಬ್ರವರಿಯಲ್ಲಿ ಪಾರ್ಲಿಮೆಂಟು ಒಂದು ಕಾಯಿದೆ ಮಾಡಿ ರೋಗದ ದನಗಳನ್ನು ಕಡ್ಡಾಯವಾಗಿ ಕೊಲ್ಲಿಸಿತು, ದನಗಳ ಸಾಗಾಟವನ್ನು ತಡೆಯಿತು. ಹಾಗಾದರೆ ರೋಗ ಇಳಿದದ್ದು ತನ್ನ ಸ್ವಭಾವದಿಂದಲೋ, ಕಾಯಿದೆಯ ಕೊಡಲಿಯಿಂದಲೋ? ಒಂದೇ ಕಾಲದಲ್ಲಿ ಎರಡು ಕಾರಣಗಳು ಬಂದು ಕೂಡಿದಾಗ ಅಂಕೆಗಳು ಬಾಯಿ ಬಿಡುವುದಿಲ್ಲ. ಎತ್ತರದ ಕೇರಿ ತಗ್ಗಿನ ಕೇರಿಗಳ ತೊಡಕೇ ಇಲ್ಲಿ ಕಾಲದ ರೂಪದಲ್ಲಿ ಬಂದಿದೆ. ನನ್ನ ಮಟ್ಟಿಗೆ, ಫಾರನ ಹಿರಿಮೆ ಅವನ ಭವಿಷ್ಯ ಫಲಿಸಿದ್ದರಲ್ಲಿ ಇಲ್ಲ. ತನ್ನ ಭವಿಷ್ಯವನ್ನು ಸಂಖ್ಯೆಗಳಲ್ಲಿ ಹೇಳಿ ಸುಳ್ಳಾಗುವ ಅವಕಾಶವನ್ನು ತಾನೇ ಒಡ್ಡಿಕೊಂಡದ್ದರಲ್ಲಿದೆ.

ಈ ದೊಡ್ಡರೋಗದ ಸಲುವಾಗಿಯೇ ಭರತಖಂಡದಲ್ಲಿ ೧೮೮೯ರಲ್ಲಿ ಪುಣೆಯಲ್ಲಿ ಒಂದು ಪ್ರಯೋಗಶಾಲೆ ಹುಟ್ಟಿ ೧೮೯೩ರಲ್ಲಿ ಹಿಮಾಲಯದ ಮುಕ್ತೇಶ್ವರಕ್ಕೆ ಹೋಯಿತು. ಮೈಸೂರು ಸಂಸ್ಥಾನದವರು ೧೯೨೫ರಲ್ಲಿ ಬೆಂಗಳೂರಿನಲ್ಲಿ ಸೀರಂ ಇನ್‌ಸ್ಟಿಟ್ಯೂಟನ್ನು ಸ್ಥಾಪಿಸಿದರು. ಹೆಬ್ಬಾಳದಲ್ಲಿ ಈಗಿರುವ ಪಶು ಆರೋಗ್ಯ ಮತ್ತು ಜೈವಿಕ ಔಷಧಗಳ ಸಂಸ್ಥೆ ಅದರ ಮುಂದುವರಿಕೆ. ೧೯೫೪ರಿಂದ ದೇಶದಾದ್ಯಂತ ಮದ್ದು ಹಾಕುವ ಕಾರ್ಯ ನಡೆದು, ಕೊನೆಯ ಪ್ರಕರಣ ೧೯೯೫ರಲ್ಲಿ ತಮಿಳುನಾಡಿನಲ್ಲಿ ಕಾಣಿಸಿಕೊಂಡಿತು. ಆಮೇಲೆ ಒಂದು ವಿಚಿತ್ರವಾದ ಪ್ರಶ್ನೆ ಎದ್ದಿತು. ರೋಗವಿದೆ ಎಂದು ತೋರಿಸಲು ಒಂದು ರೋಗದ ದನ ಸಾಕು. ರೋಗ ಇಲ್ಲವೆಂದು ತೋರಿಸುವುದು ಹೇಗೆ? ಕೋಟಿಗಟ್ಟಲೆ ದನಗಳ ರಕ್ತವನ್ನು ತೆಗೆದು ನೋಡಲಾದೀತೇ?

ಇಲ್ಲಿ ಸಂಖ್ಯಾಶಾಸ್ತ್ರ ಮಾಡಿಕೊಟ್ಟ ಉಪಕಾರ ದೊಡ್ಡದು. ರೋಗವೆಂಬುದು ಇದ್ದದ್ದೇ ಆದರೆ ನೂರಕ್ಕೆ ಒಂದು ರಾಸಿನಲ್ಲಾದರೂ ಅದರ ಗುರುತು ಇರಬೇಕು ಎಂದು ಮೊದಲು ಒಪ್ಪಿಕೊಳ್ಳಬೇಕು. ಅಂಟುರೋಗಗಳ ಸ್ವಭಾವವನ್ನು ಬಲ್ಲ ವೈದ್ಯರು ಹೇಳಬೇಕಾದ ಮಾತು ಅದು, ಗಣಿತದವರು ಹೇಳುವುದಲ್ಲ. ಹಾಗಿದ್ದಲ್ಲಿ ಒಂದು ರಾಸನ್ನು ಯದೃಚ್ಛೆಯಾಗಿ ಆರಿಸಿದರೆ ಅದು ನಿರೋಗಿಯಾಗಿರುವ ಸಂಭವ ನೂರಕ್ಕೆ ೯೯. ಎರಡೂ ನಿರೋಗಿಯಾಗಿರುವುದು ೯೯ರ ಮೇಲೆ ನೂರಕ್ಕೆ ೯೯. ಹೀಗೆ ಗುಣಿಸುತ್ತ ಹೋದರೆ ೨೯೯ ರಾಸುಗಳಾಗುವ ಹೊತ್ತಿಗೆ ಎಲ್ಲವೂ ನಿರೋಗಿಯಾಗಿಯೇ ಸಿಕ್ಕುವ ಸಂಭವ ನೂರಕ್ಕೆ ೫ಕ್ಕಿಂತ ಕೆಳಗೆ ಇಳಿಯುತ್ತದೆ. ಅಂದರೆ ಸುಮಾರು ಮುನ್ನೂರು ರಾಸುಗಳಲ್ಲಿ ಒಂದರಲ್ಲಿಯೂ ಗುರುತು ಕಾಣದಿದ್ದರೆ, ನೂರಕ್ಕೆ ೯೫ರಷ್ಟು ಭರವಸೆಯಿಂದ, ರೋಗ ನೂರಕ್ಕೆ ಒಂದರ ಮಟ್ಟದಲ್ಲಿ ಇಲ್ಲ ಎನ್ನಬಹುದು. ನೂರಕ್ಕೆ ಹತ್ತರಷ್ಟು ಹರಡುವ ರೋಗವಾದರೆ ೨೯ ರಾಸುಗಳೇ ಸಾಕು.

ದನಗಳ ಸಂಖ್ಯೆ ಹತ್ತು ಸಾವಿರವಾದರೂ ಹತ್ತು ಲಕ್ಷವಾದರೂ ಈ ಮುನ್ನೂರು ಹೆಚ್ಚುಕಡಮೆ ಬದಲಾಗುವುದಿಲ್ಲ. ಇದನ್ನು ಕೇಳಿದ ವಿದ್ಯಾರ್ಥಿಗಳು ನನ್ನನ್ನು ಅನುಮಾನದಿಂದ ನೋಡುವುದುಂಟು. ಅನ್ನ ಬೆಂದಿತೇ ಎಂದು ನೋಡಲು ಮನೆಯ ಪಾತ್ರೆಯಿಂದ ಎರಡು ಅಗುಳು, ಮದುವೆಯ ಹಂಡೆಯಿಂದಲೂ ಎರಡೇ ಅಗುಳು ಎಂದರೆ ಒಪ್ಪುತ್ತಾರೆ. ಚೆನ್ನಾಗಿ ಕಲಕಿರಬೇಕು, ಅಷ್ಟೆ. ಆದರೆ ಇದರ ಮತ್ತೊಂದು ಮುಖ ಅಷ್ಟು ಹಿತವಲ್ಲ. ನೂರೇ ದನಗಳಿರುವ ಒಂದು ಊರಿನಲ್ಲಿ ಒಂದೇ ಒಂದು ರೋಗಿಯನ್ನು ಅದೇ ಭರವಸೆಯಿಂದ ಹುಡುಕಬೇಕಾದರೆ ೯೫ ದನಗಳನ್ನು ನೋಡಬೇಕು. ಜಿಲ್ಲೆಗೆ ಬಹಳ ಸುಲಭವಾದದ್ದು ಚೆಂಡಿಯಾದಂಥ ಒಂದು ಊರಿಗೆ ಬಹಳ ದುಬಾರಿ. ಜಿಲ್ಲೆಯ ಮಟ್ಟಿಗೆ ರೋಗವಿಲ್ಲವೆಂದು ಸಾರಿದ ಮಾತನ್ನು ತನ್ನ ಕೊಟ್ಟಿಗೆಗೆ ಕೊಟ್ಟ ಅಭಯವೆಂದು ರೈತನು ತಿಳಿಯಬಾರದು.

ಇನ್ನೊಂದು ತೊಡಕು. ಒಂದು ಮಂದೆಯಲ್ಲಿ ಒಟ್ಟಿಗೆ ಮೇಯುವ ಮೂವತ್ತು ದನಗಳು ಮೂವತ್ತು ಬೇರೆ ಬೇರೆ ಸಾಕ್ಷಿಗಳಲ್ಲ. ಒಂದಕ್ಕೆ ಬಂದದ್ದು ಎಲ್ಲಕ್ಕೂ ಬಂದಿರುತ್ತದೆ, ಒಂದಕ್ಕೆ ಬಾರದಿದ್ದರೆ ಬಹುಶಃ ಯಾವುದಕ್ಕೂ ಬಂದಿರುವುದಿಲ್ಲ. ಆದಕಾರಣ ಮೊದಲು ಹಳ್ಳಿಗಳನ್ನು ಚೀಟಿ ಎತ್ತಿ ಆರಿಸಿ, ಆಮೇಲೆ ಹಳ್ಳಿಯೊಳಗೆ ದನಗಳನ್ನು ಆರಿಸಬೇಕು. ದೊಡ್ಡರೋಗದ ವಿಚಾರದಲ್ಲಿ ಮತ್ತೂ ಒಂದು ಸೂಕ್ಷ್ಮವಿತ್ತು. ಮದ್ದು ಹಾಕಿಸಿಕೊಂಡ ದನದ ರಕ್ತವೂ ರೋಗ ಬಂದು ಬದುಕಿದ ದನದ ರಕ್ತವೂ ಪರೀಕ್ಷೆಗೆ ಒಂದೇ ಬಗೆಯಾಗಿ ಕಾಣುತ್ತಿದ್ದುವು. ಹೀಗಾಗಿ ಮೊದಲು ಮದ್ದನ್ನೇ ನಿಲ್ಲಿಸಿ, ಅನಂತರ ಹುಟ್ಟಿದ ಕರುಗಳ ರಕ್ತವನ್ನು ನೋಡಬೇಕಾಯಿತು. ರೋಗ ಎಲ್ಲಿಯಾದರೂ ಅಡಗಿದ್ದಿದ್ದರೆ ರಕ್ಷಣೆಯಿಲ್ಲದ ಆ ಎಳೆಯ ದನಗಳೇ ಮೊದಲ ಬಲಿಯಾಗುತ್ತಿದ್ದುವು. ಅಂಕೆಗಳನ್ನು ನಂಬಿ ಇಟ್ಟ ಹೆಜ್ಜೆ ಅದು. ಈ ಕೆಲಸಕ್ಕೆ ಹಳ್ಳಿಗಳನ್ನು ಆರಿಸಿಕೊಡುವ ಹೊಣೆ ಹೊತ್ತವರಲ್ಲಿ ೧೯೮೭ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪಶುರೋಗ ಸಮೀಕ್ಷೆಯ ಯೋಜನೆಯವರು ಮುಖ್ಯರು. ಯಲಹಂಕದಲ್ಲಿರುವ ಆ ಸಂಸ್ಥೆಗೆ ೨೦೧೩ರಿಂದ ರಾಷ್ಟ್ರೀಯ ಸಂಸ್ಥೆಯೆಂಬ ಹೆಸರು ಬಂದಿದೆ, 'ನಿವೇದಿ' ಎಂದು ಸಂಕ್ಷೇಪವಾಗಿ ಕರೆಯುತ್ತಾರೆ. ೨೦೦೬ರಲ್ಲಿ ಭಾರತವೂ, ೨೦೧೧ರಲ್ಲಿ ಇಡೀ ಪ್ರಪಂಚವೂ ದೊಡ್ಡರೋಗದಿಂದ ಮುಕ್ತವೆಂದು ಸಾರಲ್ಪಟ್ಟುವು. ಸಿಡುಬನ್ನು ಬಿಟ್ಟರೆ ಮನುಷ್ಯನು ಭೂಮಿಯಿಂದ ಅಳಿಸಿದ ರೋಗ ಇದೊಂದೇ. ಮೊದಲಿನ ತಲೆಮಾರಿನವರಿಗೆ ಇದನ್ನು ಹೇಳಿದ್ದರೆ ನಂಬುತ್ತಿರಲಿಲ್ಲ. ಈಗಿನವರಿಗೆ ಹೇಳಿದರೆ ಹಾಗೆಂದರೆ ಯಾವ ರೋಗ ಎಂದು ಕೇಳುತ್ತಾರೆ.

ಪರೀಕ್ಷೆಯೂ ತಪ್ಪಬಹುದು ಎಂಬುದನ್ನು ಮರೆಯಬಾರದು. ಹಸು ಕಂದು ಹಾಕುವ ರೋಗವನ್ನು, ಎಂದರೆ ಬ್ರೂಸೆಲ್ಲಾ ರೋಗವನ್ನು, ಗುರುತಿಸುವ ಒಂದು ರಕ್ತಪರೀಕ್ಷೆ ನೂರು ರೋಗಿಗಳಲ್ಲಿ ೯೫ನ್ನು ಹಿಡಿಯುತ್ತದೆ, ನೂರು ನಿರೋಗಿಗಳಲ್ಲಿ ೯೫ನ್ನು ಸರಿಯಾಗಿ ಬಿಡುತ್ತದೆ ಎಂದು ಉದಾಹರಣೆಗಾಗಿ ಇಟ್ಟುಕೊಳ್ಳೋಣ. ಸಾವಿರ ಹಸುಗಳಲ್ಲಿ ೨೦ಕ್ಕೆ ರೋಗವಿದೆ. ಪರೀಕ್ಷೆ ಅವುಗಳಲ್ಲಿ ೧೯ನ್ನು ಹಿಡಿಯುವುದು. ಉಳಿದ ೯೮೦ರಲ್ಲಿ ೪೯ನ್ನು ತಪ್ಪಾಗಿ ಹಿಡಿಯುವುದು. ಒಟ್ಟು ಸಿಕ್ಕಿಬಿದ್ದ ೬೮ರಲ್ಲಿ ನಿಜವಾದ ರೋಗಿಗಳು ೧೯ ಮಾತ್ರ. ಪರೀಕ್ಷೆ ನೂರಕ್ಕೆ ೯೫ರಷ್ಟು ಒಳ್ಳೆಯದು ಎಂದು ಕೇಳಿ ಮನೆಯ ಹಸುವನ್ನು ಹೊರಗೆ ಅಟ್ಟಿದ ಬಡವಿಗೆ ಈ ಲೆಕ್ಕವನ್ನು ಯಾರಾದರೂ ಹೇಳಿದ್ದಾರೆಯೇ? ಎರಡನೆಯ ಪರೀಕ್ಷೆಯನ್ನು ಬೇರೆ ವಿಧಾನದಿಂದ ಮಾಡಬೇಕೆಂಬ ಕಟ್ಟುಪಾಡು ಇರುವುದು ಇದಕ್ಕಾಗಿಯೇ. ಅದನ್ನು ವಿಳಂಬವೆಂದು ಹಳಿಯುವುದು ಸರಿಯಲ್ಲ.

ಕಡೆಯದಾಗಿ ನಮ್ಮ ಮಲೆನಾಡಿನ ಸ್ವಂತ ರೋಗವನ್ನು ನೋಡೋಣ. ೧೯೫೭ರಲ್ಲಿ ಶಿವಮೊಗ್ಗೆ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದುವು. ಸುತ್ತಲಿನ ಜನರಿಗೂ ಜ್ವರ ಬಂದಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಕಾಡಿಗೆ ಬಂದು, ಉಣ್ಣೆಗಳಿಂದ ಹರಡುವ ಹೊಸದೊಂದು ವೈರಸ್ಸನ್ನು ಕಂಡುಹಿಡಿದರು. ಮಂಗನ ಕಾಯಿಲೆಯೆಂದು ಪ್ರಸಿದ್ಧವಾದ ಇದು ಉತ್ತರ ಕನ್ನಡದಲ್ಲಿ ಹೊನ್ನಾವರ, ಸಿದ್ದಾಪುರಗಳ ಕಡೆಗೂ ಕಾಣಿಸಿಕೊಂಡಿದೆ. ಕಾಯಿಲೆ ಬಿದ್ದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ಮಂಗನ ಸಾವು ಇಲ್ಲಿ ಮುನ್ಸೂಚನೆ. ಆದರೆ ಕಾಡಿನಲ್ಲಿ ಮಂಗಗಳೆಷ್ಟು ಎಂದು ಗಣತಿ ಮಾಡಿದವರಿಲ್ಲ; ಭಾಗಿಸುವ ಸಂಖ್ಯೆಯೇ ಇಲ್ಲ. ಸತ್ತ ಮಂಗವನ್ನು ನೋಡುವವನು ಸೊಪ್ಪು ಸೌದೆಗೆ ಹೋದವನು. ನೋಡಿದರೂ ಹೇಳುವವನು ಯಾರಿಗೆ ಹೇಳಬೇಕೆಂದು ಬಲ್ಲವನು. ಆದ್ದರಿಂದ ಎಚ್ಚರಿಕೆಯುಳ್ಳ ಊರಿನ ಕಾಡು ರೋಗದ ಕಾಡೆಂದೂ, ಯಾರೂ ಹೇಳದ ಕಾಡು ಆರೋಗ್ಯದ ಕಾಡೆಂದೂ ನಕ್ಷೆಯಲ್ಲಿ ಕಾಣುವ ಅಪಾಯವುಂಟು. ಚೆಂಡಿಯಾದ ಮೇಲಣ ಗುಡ್ಡದಲ್ಲಿ ಸತ್ತ ಮಂಗದ ವರದಿಯಿಲ್ಲ ಎಂದರೆ ಮಂಗ ಸತ್ತಿಲ್ಲವೆಂದೋ, ನೋಡಿದವರಿಲ್ಲವೆಂದೋ? ಸೊನ್ನೆಗೂ ಖಾಲಿ ಕಲಮಿಗೂ ಇರುವ ಈ ಭೇದವನ್ನು ಫಾರಮುಗಳನ್ನು ಅಚ್ಚು ಹಾಕಿಸುವವರು ಒಂದಿಷ್ಟು ಯೋಚಿಸಬೇಕು.

೨೦೨೦ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಈ ರೋಗದ ನಕ್ಷೆಯನ್ನು ಕಾಡಿನ ಬಗೆ, ತೋಟ, ದನಗಳ ಸಾಂದ್ರತೆಗಳೊಂದಿಗೆ ಹೋಲಿಸಿ ನೋಡಿತು. ತೇವದ ಹಸುರು ಕಾಡೂ ತೋಟವೂ ಹೆಣೆದುಕೊಂಡಿರುವ, ನಾಟಿ ದನಗಳು ಹೆಚ್ಚಾಗಿರುವ ಪ್ರದೇಶಗಳಲ್ಲಿ ಮನುಷ್ಯರಿಗೆ ಕಾಯಿಲೆ ಹೆಚ್ಚೆಂದು ಕಂಡುಬಂದಿತು. ದನಗಳು ಈ ರೋಗದಿಂದ ನರಳುವುದಿಲ್ಲ. ಬೆಳೆದ ಉಣ್ಣೆಗಳಿಗೆ ರಕ್ತವನ್ನು ಕೊಟ್ಟು ಸಾಕುತ್ತವೆ. ಆದರೆ ಇದನ್ನು ಓದಿ ದನವೇ ಅಪರಾಧಿಯೆಂದು ತೀರ್ಮಾನಿಸುವುದು ಅವಸರ. ನಾಟಿ ದನವಿರುವ ಮನೆಯವರೇ ಕಾಡಿಗೆ ಹೆಚ್ಚು ಹೋಗುವವರು ಆಗಿರಬಹುದಷ್ಟೆ.

ಈ ರೋಗಕ್ಕೆ ಹೆಬ್ಬಾಳದಲ್ಲಿಯೇ ತಯಾರಾಗುತ್ತಿದ್ದ ಚುಚ್ಚುಮದ್ದಿನ ಗುಣವನ್ನು ೨೦೦೫ರಿಂದ ೨೦೧೦ರವರೆಗಿನ 'ಹಾಕಿಸಿಕೊಂಡವರು, ಹಾಕಿಸಿಕೊಳ್ಳದವರು' ಎಂಬ ಲೆಕ್ಕದಿಂದ ಅಳೆದು, ಎರಡು ಸಲ ಹಾಕಿಸಿಕೊಂಡವರಿಗೆ ನೂರಕ್ಕೆ ೬೨.೪, ಮತ್ತೆ ಹೆಚ್ಚಿನ ಸಲ ಹಾಕಿಸಿಕೊಂಡವರಿಗೆ ೮೨.೯ರಷ್ಟು ರಕ್ಷಣೆಯೆಂದು ೨೦೧೩ರಲ್ಲಿ ಪ್ರಕಟಿಸಿದರು. ಎತ್ತರದ ಕೇರಿ ತಗ್ಗಿನ ಕೇರಿಗಳನ್ನು ಕಂಡ ಶ್ರೋತೃಗಳು ಈಗ ತಾವೇ ಪ್ರಶ್ನೆ ಕೇಳಬಲ್ಲರು: ಪದೇಪದೇ ಹೋಗಿ ಮದ್ದು ಹಾಕಿಸಿಕೊಂಡವರು ಯಾರು? ಅವರು ಕಾಡಿಗೆ ಹೋಗುವಾಗ ಉಣ್ಣೆಯ ವಿಷಯದಲ್ಲಿಯೂ ಹೆಚ್ಚು ಎಚ್ಚರಿಕೆಯಿಂದಿರುವವರೇ, ಅಥವಾ ಹೆಚ್ಚು ಭಯವಿರುವ ಊರಿನವರೇ? ಮೊದಲನೆಯದಾದರೆ ಮದ್ದಿನ ಗುಣ ಲೆಕ್ಕದಲ್ಲಿ ಉಬ್ಬಿ ಕಾಣುವುದು. ಎರಡನೆಯದಾದರೆ ಕುಗ್ಗಿ ಕಾಣುವುದು. ೨೦೨೨ರಲ್ಲಿ ಆ ಮದ್ದಿನ ಬಳಕೆಯನ್ನು ನಿಲ್ಲಿಸಿದರು. ಹೊಸದೊಂದು ಮದ್ದು ಕಾಡಂಚಿನ ಊರುಗಳಿಗೆ ಬರುವ ದಿನ, ಯಾರಿಗೆ ಯಾವಾಗ ಹಾಕಿದರು ಎಂಬುದನ್ನು ಮೊದಲ ದಿನದಿಂದಲೇ ಚೀಟಿ ಎತ್ತಿ, ಹೆಸರು, ಕೇರಿ, ಕಾಡಿಗೆ ಹೋಗುವ ವಾಡಿಕೆ ಇವುಗಳೊಡನೆ ಬರೆದಿಡುವವರು ಯಾರಾದರೂ ಇರಬೇಕು.

ಮೇಲೆ ಹೇಳಿದ ರಜೆಯ ಮರುವರ್ಷ ನಾನು ಚೆಂಡಿಯಾದ ಗುಡ್ಡದ ಬದಿಗೂ ಹೋದೆ. ಅಲ್ಲಿಯ ಒಬ್ಬ ಮುದುಕರು ದನಗಳನ್ನು ಎಣಿಸಬಾರದು, ದೃಷ್ಟಿ ತಗಲುವುದು ಎಂದು ಸಂಖ್ಯೆಯನ್ನು ಹೇಳಲು ಒಪ್ಪಲಿಲ್ಲ. ಆಮೇಲೆ ಅವರೇ ಒಂದು ಉಪಾಯ ಹೇಳಿದರು. ಸಾಯಂಕಾಲ ಮಂದೆ ಕೊಟ್ಟಿಗೆಗೆ ಹಿಂದಿರುಗುವಾಗ ಒಂದೊಂದು ದನದ ಹೆಸರು ಹಿಡಿದು ಕೂಗುತ್ತೇನೆ, ನೀವು ಹೆಸರುಗಳನ್ನು ಬರೆದುಕೊಳ್ಳಿ ಎಂದರು. ಹಾಗೆಯೇ ಬರೆದುಕೊಂಡೆನು, ಮನೆಗೆ ಬಂದ ಮೇಲೆ ಎಣಿಸಿದೆನು.